‘ಅರ್ಜಿದಾರರು’ ಇಂದ ‘ಸಲ್ಲಿಸತಕ್ಕದ್ದು’ವರೆಗೆ ಹದಿನೈದು ಹೆಜ್ಜೆ

ಕನ್ನಡ ಕಷ್ಟ ಅನ್ನೋ ಮಾತು ನಮ್ಮ ಕ್ಯಾಂಪಸ್ಸಿನಲ್ಲಿ ದಿನಾ ಕೇಳಿಸುತ್ತದೆ. ಹೇಳುವವರು ಬೇರೆ ರಾಜ್ಯದಿಂದ ಬಂದವರು ಮಾತ್ರ ಅಲ್ಲ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್ ಮೀಡಿಯಂ ಅಂತ ಬೆಳೆದ ನಾವೂ ಹೇಳುತ್ತೇವೆ. ಕ್ಯಾಂಟೀನಿನಲ್ಲಿ ಒಂದು ಗಂಟೆ ಕನ್ನಡದಲ್ಲೇ ಹರಟೆ ಹೊಡೆದು ಬಂದವರು, ನೋಟಿಸ್ ಬೋರ್ಡಿನಲ್ಲಿ ಕನ್ನಡದ ಒಂದು ಪ್ರಕಟಣೆ ಕಂಡರೆ ‘ಇದರ ಇಂಗ್ಲಿಷ್ ಕಾಪಿ ಇಲ್ವಾ?’ ಅಂತ ಹುಡುಕುತ್ತೇವೆ. ಅದೇ ಭಾಷೆ, ಅದೇ ಓದುಗರು. ಹಾಗಾದರೆ ಕಷ್ಟ ಎಲ್ಲಿಂದ ಬಂತು?

ಪದಗಳಿಂದ ಅಂತ ಎಲ್ಲರೂ ಹೇಳುತ್ತಾರೆ. ಸಂಸ್ಕೃತ ಪದ ಜಾಸ್ತಿ, ಅದಕ್ಕೇ ಅರ್ಥ ಆಗಲ್ಲ ಅಂತ. ಅದು ಅರ್ಧ ಸತ್ಯ. ಪ್ರತಿ ಪದವೂ ಗೊತ್ತಿರುವ ವಾಕ್ಯವನ್ನು ಮೂರು ಸಲ ಓದಿಯೂ ತಲೆಗೆ ಹೋಗದೇ ಇರುವುದು ಎಷ್ಟೋ ಸಲ ಆಗುತ್ತದೆ. ಅಲ್ಲಿ ಇರುವ ತೊಂದರೆ ದೂರದ್ದು. ಒಂದಕ್ಕೊಂದು ಸಂಬಂಧ ಇರುವ ಎರಡು ಪದಗಳನ್ನು ಬರೆದವರು ವಾಕ್ಯದ ಈ ತುದಿಗೊಂದು, ಆ ತುದಿಗೊಂದು ಇಟ್ಟಿರುತ್ತಾರೆ. ಈ ದೂರವನ್ನು ಅಳೆಯಬಹುದು. ಸಾರ್ವಜನಿಕರಿಗಾಗಿ ಕನ್ನಡ ಬರೆಯುವ ಪ್ರತಿಯೊಬ್ಬರೂ ಅದನ್ನು ಅಳೆಯಲೇಬೇಕು ಅನ್ನೋದು ನಮ್ಮ ವಾದ. ಆದರೆ ಇಂಗ್ಲಿಷಿಗೆ ಮಾಡಿದ ಸೂತ್ರವನ್ನು ಹಾಗೇ ತಂದು ಕನ್ನಡಕ್ಕೆ ಅಂಟಿಸಬಾರದು ಅನ್ನೋದೂ ಅದೇ ವಾದದ ಇನ್ನೊಂದು ಭಾಗ.

ಮೊದಲು ಅಳತೆ ಹೇಗೆ ಅಂತ ನೋಡೋಣ. ವಾಕ್ಯದಲ್ಲಿ ಮುಖ್ಯ ಕ್ರಿಯಾಪದ ಒಂದನ್ನು ಬಿಟ್ಟು ಉಳಿದ ಪ್ರತಿ ಪದವೂ ಇನ್ನೊಂದು ಪದಕ್ಕೆ ಜೋತುಬಿದ್ದಿರುತ್ತದೆ. ‘ಕೆಂಪು ಬಸ್ಸು ಬಂತು’ ಅಂದರೆ ‘ಕೆಂಪು’ ಬಸ್ಸಿಗೆ ಸೇರಿದ್ದು, ‘ಬಸ್ಸು’ ಬಂತು ಎಂಬುದಕ್ಕೆ ಸೇರಿದ್ದು. ಫ್ರಾನ್ಸಿನ ಲೂಸಿಯಾಂ ತೆನಿಯೇರ್ ಈ ರೀತಿಯ ವ್ಯಾಕರಣವನ್ನು ದೊಡ್ಡ ಪುಸ್ತಕವಾಗಿ ಬರೆದರು. ಅವರು ತೀರಿಕೊಂಡ ಐದು ವರ್ಷಕ್ಕೆ, 1959ರಲ್ಲಿ, ಅದು ಪ್ರಕಟವಾಯಿತು. ನಮಗೆ ಇದು ತೀರಾ ಹೊಸದಲ್ಲ. ಕ್ರಿಯಾಪದವನ್ನು ನಡುವೆ ಇಟ್ಟು ಯಾರು, ಯಾವುದನ್ನು, ಯಾವುದರಿಂದ, ಎಲ್ಲಿ ಅಂತ ಕೇಳುತ್ತಾ ಹೋಗುವ ಪಾಣಿನಿಯ ಕಾರಕದ ವಿಚಾರ ಇದರ ಹತ್ತಿರದ ಸಂಬಂಧಿಯೇ. ಹೈಸ್ಕೂಲಿನಲ್ಲಿ ವಿಭಕ್ತಿ ಪ್ರತ್ಯಯ ಬಾಯಿಪಾಠ ಮಾಡಿದವರಿಗೆಲ್ಲ ಅದರ ಒಂದು ತುಂಡು ಗೊತ್ತೇ ಇದೆ. ಭಾರತೀಯ ಭಾಷೆಗಳನ್ನು ಕಂಪ್ಯೂಟರಿಗೆ ಕಲಿಸಲು ಹೊರಟ ಐಐಟಿ ಕಾನ್ಪುರದ, ಆಮೇಲೆ ಹೈದರಾಬಾದಿನ ಐಐಐಟಿಯ ತಂಡ ಬಳಸಿದ್ದೂ ಪಾಣಿನಿಯ ಈ ದಾರಿಯನ್ನೇ.

ಈಗ ಪದಗಳಿಗೆ 1, 2, 3 ಅಂತ ನಂಬರ್ ಹಾಕಿ. ಪ್ರತಿ ಪದದ ನಂಬರಿಗೂ ಅದು ಜೋತುಬಿದ್ದ ಪದದ ನಂಬರಿಗೂ ಇರುವ ವ್ಯತ್ಯಾಸವೇ ದೂರ. ಎಲ್ಲ ದೂರಗಳನ್ನೂ ಕೂಡಿ ಕೊಂಡಿಗಳ ಸಂಖ್ಯೆಯಿಂದ ಭಾಗಿಸಿದರೆ ಸರಾಸರಿ ಸಿಗುತ್ತದೆ. ಚೀನಾದ ಲ್ಯೂ ಹೈಟಾವ್ 2008ರಲ್ಲಿ 20 ಭಾಷೆಗಳಿಗೆ ಈ ಲೆಕ್ಕ ಹಾಕಿ, ವಾಕ್ಯ ಅರ್ಥ ಮಾಡಿಕೊಳ್ಳುವ ಕಷ್ಟಕ್ಕೆ ಇದೊಂದು ಅಳತೆಗೋಲು ಅಂತ ಮುಂದಿಟ್ಟರು. 2015ರಲ್ಲಿ ಫ್ಯೂಟ್ರೆಲ್, ಮಹೋವಾಲ್ಡ್, ಗಿಬ್ಸನ್ ಮೂವರೂ 37 ಭಾಷೆಗಳನ್ನು ನೋಡಿದರು. ಅದೇ ಪದಗಳನ್ನು ಮನಸ್ಸಿಗೆ ಬಂದ ಹಾಗೆ ಜೋಡಿಸಿದರೆ ಎಷ್ಟು ದೂರ ಆಗುತ್ತದೋ, ಅದಕ್ಕಿಂತ ಕಡಿಮೆ ದೂರದಲ್ಲೇ ಜನ ವಾಕ್ಯ ಕಟ್ಟುತ್ತಾರೆ ಅಂತ ಕಂಡುಬಂತು. ಕಾರಣ ಸರಳ. ಒಂದು ಪದ ಓದಿ ಅದರ ಜೋಡಿ ಸಿಗುವವರೆಗೆ ಅದನ್ನು ತಲೆಯಲ್ಲಿ ಹಿಡಿದಿಟ್ಟುಕೊಂಡಿರಬೇಕು. ಆ ಜಾಗ ಚಿಕ್ಕದು. ರ‍್ಯಾಮ್ ಕಡಿಮೆ ಇರುವ ಫೋನಿನಲ್ಲಿ ಹದಿನೈದು ಆ್ಯಪ್ ತೆರೆದಿಟ್ಟ ಹಾಗೆ.

ಇಲ್ಲಿಗೆ ಬಂದ ತಕ್ಷಣ ನಮ್ಮಲ್ಲಿ ಯಾರಾದರೂ ಹೇಳುತ್ತಾರೆ, ‘ಹಾಗಾದ್ರೆ ಕನ್ನಡವೇ ಕೆಟ್ಟ ಡಿಸೈನ್ ಅಲ್ವಾ? ಕ್ರಿಯಾಪದ ಕೊನೆಗೆ ಬರುತ್ತೆ’ ಅಂತ. ಲೆಕ್ಕ ನೋಡಿದರೆ ಹಾಗೇ ಕಾಣುತ್ತದೆ. ಒಂದು ಕ್ರಿಯಾಪದಕ್ಕೆ ನಾಲ್ಕು ಪದ ಸೇರಿವೆ ಅಂದುಕೊಳ್ಳಿ. ಕ್ರಿಯಾಪದ ನಡುವೆ ಇದ್ದರೆ ಎಡಕ್ಕೆ ಎರಡು, ಬಲಕ್ಕೆ ಎರಡು: 2+1+1+2, ಒಟ್ಟು 6. ಕೊನೆಯಲ್ಲಿದ್ದರೆ ನಾಲ್ಕೂ ಒಂದೇ ಕಡೆ ಸಾಲುಗಟ್ಟಬೇಕು: 4+3+2+1, ಒಟ್ಟು 10. ಜಪಾನಿ, ಕೊರಿಯನ್, ಟರ್ಕಿಶ್ ತರಹದ ಕ್ರಿಯಾಪದ ಕೊನೆಗೆ ಬರುವ ಭಾಷೆಗಳಲ್ಲಿ ದೂರ ಸ್ವಲ್ಪ ಜಾಸ್ತಿ ಅಂತ 2015ರ ಆ ಅಧ್ಯಯನವೂ ಹೇಳಿದೆ. ಆದರೆ ಇಷ್ಟಕ್ಕೇ ತೀರ್ಪು ಕೊಡುವವರು ಮೂರು ವಿಷಯ ಬಿಟ್ಟುಬಿಡುತ್ತಾರೆ.

ಒಂದು, ಕನ್ನಡದಲ್ಲಿ ಪದ ಅಂದರೆ ಇಂಗ್ಲಿಷಿನ ಪದದಷ್ಟು ಚಿಕ್ಕದಲ್ಲ. ಶಿರಸಿ ತಾಲೂಕಿನ ಮತ್ತಿಘಟ್ಟದ ಹೆಸರನ್ನೇ ತಗೊಳ್ಳಿ. ‘ಮತ್ತಿಘಟ್ಟದವರಿಗಾದರೂ’ ಅನ್ನೋದು ನಮಗೆ ಒಂದು ಪದ. ಒಳಗೆ ಮತ್ತಿ ಮರ ಇದೆ, ಘಟ್ಟ ಇದೆ, ಅಲ್ಲಿನ ಜನ ಇದ್ದಾರೆ, ‘ಇಗೆ’ ಇದೆ, ‘ಆದರೂ’ ಇದೆ. ಇಂಗ್ಲಿಷಿನಲ್ಲಿ ಇದನ್ನೇ ಹೇಳಲು ಆರು ಪದ ಬೇಕು, ಅವುಗಳ ನಡುವಿನ ದೂರವೂ ಲೆಕ್ಕಕ್ಕೆ ಬರುತ್ತದೆ. ಕನ್ನಡದಲ್ಲಿ ಅದು ಒಂದೇ ಪದದ ಹೊಟ್ಟೆಯೊಳಗೆ ಇರುವುದರಿಂದ ಲೆಕ್ಕಕ್ಕೇ ಬರುವುದಿಲ್ಲ. ಹಾಗಾಗಿ ಎರಡು ಭಾಷೆಗಳ ಸರಾಸರಿಯನ್ನು ಪಕ್ಕಪಕ್ಕ ಇಟ್ಟು ಯಾವುದು ಸುಲಭ ಅಂತ ಕೇಳುವುದು, ಒಬ್ಬನ ಮಾರ್ಕ್ಸನ್ನೂ ಇನ್ನೊಬ್ಬನ ಸಿಜಿಪಿಎಯನ್ನೂ ಹೋಲಿಸಿದ ಹಾಗೆ. ಕನ್ನಡದ ಒಂದು ವಾಕ್ಯವನ್ನು ಕನ್ನಡದ್ದೇ ಇನ್ನೊಂದು ವಾಕ್ಯದ ಜೊತೆ ಹೋಲಿಸಿದರೆ ಮಾತ್ರ ಆ ಸಂಖ್ಯೆಗೆ ಅರ್ಥ. ಡಿ. ಎನ್. ಶಂಕರ ಭಟ್ಟರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಅಂತ ಪುಸ್ತಕಕ್ಕೇ ಹೆಸರಿಟ್ಟರು. ಅಳತೆಯ ವಿಷಯದಲ್ಲೂ ಅದೇ ಮಾತು ನಿಲ್ಲುತ್ತದೆ.

ಎರಡು, ಆಡುವ ಕನ್ನಡಕ್ಕೆ ದೂರ ಕಡಿಮೆ ಮಾಡುವುದು ಚೆನ್ನಾಗಿ ಗೊತ್ತಿದೆ. ‘ನಾನು ನಾಳೆ ಊರಿಗೆ ಹೋಗ್ತೀನಿ’ ಅಂದರೆ 3+2+1, ಸರಾಸರಿ 2. ಆದರೆ ‘ಹೋಗ್ತೀನಿ’ ಅನ್ನೋದರಲ್ಲೇ ‘ನಾನು’ ಇದೆ. ಅದಕ್ಕೇ ‘ನಾಳೆ ಊರಿಗೆ ಹೋಗ್ತೀನಿ’ ಅನ್ನುತ್ತೇವೆ: 1.5 ಆಯಿತು. ಫೋನಿನಲ್ಲಾದರೆ ‘ನಾಳೆ ಹೋಗ್ತೀನಿ ಊರಿಗೆ’: ಸರಾಸರಿ 1, ಇದಕ್ಕಿಂತ ಕೆಳಗೆ ಇಳಿಯುವುದಕ್ಕೇ ಆಗುವುದಿಲ್ಲ. ‘ಹೊಡ್ದಾಯ್ತಾ ಔಷಧಿ?’, ‘ಬಂದ್ರಾ ಕೊನೆ ಕೊಯ್ಯೋರು?’ ಅಂತ ಅಡಿಕೆ ತೋಟದ ಕಡೆ ಕೇಳುವಾಗ ಕ್ರಿಯಾಪದ ಮೊದಲೇ ಬಂದಿರುತ್ತದೆ. ಇದು ತಪ್ಪು ಕನ್ನಡ ಅಂತ ಪರೀಕ್ಷೆಯಲ್ಲಿ ಮಾರ್ಕ್ಸ್ ಕತ್ತರಿಸಬಹುದು. ಆದರೆ ಮಾತಾಡುವವರು ಕೇಳುವವರ ತಲೆಯ ಮೇಲಿನ ಭಾರ ಇಳಿಸುವುದು ಹೀಗೆಯೇ.

ಮೂರು, ಇದೇ ಮುಖ್ಯವಾದದ್ದು, ನಮ್ಮ ಪದಗಳಿಗೆ ವಿಭಕ್ತಿ ಇರುವುದರಿಂದ ಅವುಗಳನ್ನು ಆಚೀಚೆ ಮಾಡುವ ಸ್ವಾತಂತ್ರ್ಯ ಇದೆ. ಇಂಗ್ಲಿಷಿನಲ್ಲಿ ಜಾಗ ಬದಲಾದರೆ ಅರ್ಥವೇ ಬದಲಾಗುತ್ತದೆ. ಕನ್ನಡದಲ್ಲಿ ‘ಅನ್ನು’, ‘ಇಗೆ’, ‘ಇಂದ’ ಪದದ ಜೊತೆಗೇ ಹೋಗುತ್ತವೆ. ಬರೆಯುವವರು ಈ ಸ್ವಾತಂತ್ರ್ಯವನ್ನು ಬಳಸುತ್ತಿಲ್ಲ ಅನ್ನೋದೇ ನಮ್ಮ ದೂರು. ಅದರಿಂದ ಯಾರಿಗೆ ನಷ್ಟ ಅಂತ ಒಂದು ಉದಾಹರಣೆಯಲ್ಲಿ ನೋಡೋಣ.

ನಮ್ಮ ಗುಂಪಿನಲ್ಲಿ ಮತ್ತಿಘಟ್ಟದ ಕಡೆಯವನೊಬ್ಬ ಇದ್ದಾನೆ. ರಜೆಗೆ ಹೋದಾಗ ಅವನಿಗೆ ಒಂದು ಖಾಯಂ ಕೆಲಸ. ಕೇರಿಯಲ್ಲಿ ಯಾರ ಮನೆಗೆ ಕಾಗದ ಬಂದರೂ ಅದು ಅವನ ಕೈಗೆ ಬರುತ್ತದೆ. ‘ತಮಾ, ನೀ ಇಂಜಿನಿಯರಿಂಗ್ ಓದ್ತಿದ್ಯಲ್ಲ, ಇದ್ರಲ್ಲಿ ನಾವು ಏನು ಕೊಡ್ಬೇಕು ಅಂದಿದ್ದಾರೆ ನೋಡು’ ಅಂತ ಹಿರಿಯರು ಕನ್ನಡಕ ತೆಗೆದಿಟ್ಟು ಕೇಳುತ್ತಾರೆ. ಅವರಿಗೆ ಓದಲು ಬರುವುದಿಲ್ಲ ಅಂತಲ್ಲ. ದಿನಾ ಪೇಪರ್ ಓದುವವರು, ಯಕ್ಷಗಾನದ ಅರ್ಥ ಬಿಡಿಸಿ ಹೇಳುವವರು. ಆದರೂ ಆ ಕಾಗದ ಓದಿ ‘ಕೊಡಬೇಕೋ, ಬೇಡವೋ’ ಅನ್ನೋದು ಅವರಿಗೆ ಖಚಿತ ಆಗುವುದಿಲ್ಲ.

ಉತ್ತರ ಕನ್ನಡದಲ್ಲಿ ಕಾಗದ ಅಂದರೆ ಬಹಳ ಮನೆಗಳಲ್ಲಿ ಅರಣ್ಯ ಹಕ್ಕಿನ ಕಾಗದ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಬುಡಕಟ್ಟಿಗೆ ಸೇರದ ‘ಇತರ ಪಾರಂಪರಿಕ ಅರಣ್ಯವಾಸಿ’ಗಳು 2005ರ ಡಿಸೆಂಬರ್ 13ಕ್ಕೆ ಮೊದಲು ಕನಿಷ್ಠ ಮೂರು ತಲೆಮಾರು ಅಲ್ಲಿ ಇದ್ದವರು ಅಂತ ತೋರಿಸಬೇಕು. ಒಂದು ತಲೆಮಾರಿಗೆ 25 ವರ್ಷ, ಅಂದರೆ ಒಟ್ಟು 75. ಗ್ರಾಮಸಭೆಯ ತೀರ್ಮಾನ ಒಪ್ಪಿಗೆ ಆಗದಿದ್ದರೆ 60 ದಿನದೊಳಗೆ ಉಪವಿಭಾಗ ಮಟ್ಟದ ಸಮಿತಿಗೆ ಹೋಗಬೇಕು, ಅಲ್ಲೂ ಆಗದಿದ್ದರೆ ಮತ್ತೆ 60 ದಿನದೊಳಗೆ ಜಿಲ್ಲಾ ಮಟ್ಟದ ಸಮಿತಿಗೆ. 2019ರ ಫೆಬ್ರವರಿ 13ರಂದು ಸುಪ್ರೀಂ ಕೋರ್ಟು ಅರ್ಜಿ ತಿರಸ್ಕೃತರಾದವರನ್ನು ತೆರವು ಮಾಡಬೇಕು ಅಂತ ಹೇಳಿ, ಅದೇ ತಿಂಗಳು 28ಕ್ಕೆ ಆ ಆದೇಶವನ್ನು ತಡೆಹಿಡಿದದ್ದು ನೆನಪಿರಬಹುದು. ಇಂಥ ಕಡೆ ಒಂದು ವಾಕ್ಯ ತಪ್ಪಾಗಿ ಅರ್ಥ ಆದರೆ ಹೋಗುವುದು ಮಾರ್ಕ್ಸ್ ಅಲ್ಲ, ಮನೆ ಮತ್ತು ತೋಟ.

ಕೆಳಗಿನದು ಯಾವ ಕಚೇರಿಯ ವಾಕ್ಯವೂ ಅಲ್ಲ. ಕಾಯ್ದೆಯ ಸಾರ ಇಟ್ಟುಕೊಂಡು, ಎಲ್ಲರೂ ಕಂಡಿರುವ ಆ ಧಾಟಿಯಲ್ಲಿ ನಾವೇ ಕಟ್ಟಿದ್ದು:

‘ಅರ್ಜಿದಾರರು 2005ರ ಡಿಸೆಂಬರ್ 13ಕ್ಕೆ ಮೊದಲಿನ ಮೂರು ತಲೆಮಾರುಗಳಿಂದ ಅರಣ್ಯಭೂಮಿಯಲ್ಲಿ ವಾಸವಾಗಿದ್ದು ಜೀವನೋಪಾಯಕ್ಕಾಗಿ ಅದನ್ನೇ ಅವಲಂಬಿಸಿರುವುದನ್ನು ಸಾಬೀತುಪಡಿಸುವ ದಾಖಲೆಗಳನ್ನು ಸಮಿತಿಗೆ ಸಲ್ಲಿಸತಕ್ಕದ್ದು.’

ಪದಗಳು 16, ಕೊಂಡಿಗಳು 15. ನೀವೂ ಪೆನ್ನು ಹಿಡಿದು ಎಣಿಸಿ ನೋಡಿ. ಒಟ್ಟು ದೂರ 35, ಸರಾಸರಿ 2.33. ಅಷ್ಟೇನೂ ದೊಡ್ಡದಲ್ಲ ಅನಿಸುತ್ತದೆ. ಆದರೆ ಆ 35ರಲ್ಲಿ 15 ಒಂದೇ ಕೊಂಡಿಯದ್ದು. ‘ಅರ್ಜಿದಾರರು’ ಒಂದನೆಯ ಪದ, ಅವರು ಮಾಡಬೇಕಾದ ‘ಸಲ್ಲಿಸತಕ್ಕದ್ದು’ ಹದಿನಾರನೆಯ ಪದ. ಅರ್ಜಿದಾರರು ಏನು ಮಾಡಬೇಕು ಅಂತ ತಿಳಿಯಲು ಓದುವವರು ಮೂರು ತಲೆಮಾರು ದಾಟಿ ಬರಬೇಕು. ಅಷ್ಟರಲ್ಲಿ ದಾರಿಯಲ್ಲಿ ‘ವಾಸವಾಗಿದ್ದು’, ‘ಅವಲಂಬಿಸಿರುವುದನ್ನು’, ‘ಸಾಬೀತುಪಡಿಸುವ’ ಅಂತ ಮೂರು ಕ್ರಿಯೆಗಳು ಸಿಗುತ್ತವೆ. ಪ್ರತಿ ಸಲವೂ ‘ಇದೇನಾ?’ ಅಂತ ನಿಂತು, ಅಲ್ಲ ಅಂತ ಮುಂದೆ ಹೋಗಬೇಕು.

ಈಗ ಒಂದೂ ಪದ ಬದಲಿಸದೆ, ‘ಅರ್ಜಿದಾರರು’ ಅನ್ನೋದನ್ನು ಮಾತ್ರ ಎತ್ತಿ ಹಿಂದೆ ಇಡೋಣ:

‘2005ರ ಡಿಸೆಂಬರ್ 13ಕ್ಕೆ ಮೊದಲಿನ ಮೂರು ತಲೆಮಾರುಗಳಿಂದ ಅರಣ್ಯಭೂಮಿಯಲ್ಲಿ ವಾಸವಾಗಿದ್ದು ಜೀವನೋಪಾಯಕ್ಕಾಗಿ ಅದನ್ನೇ ಅವಲಂಬಿಸಿರುವುದನ್ನು ಸಾಬೀತುಪಡಿಸುವ ದಾಖಲೆಗಳನ್ನು ಅರ್ಜಿದಾರರು ಸಮಿತಿಗೆ ಸಲ್ಲಿಸತಕ್ಕದ್ದು.’

ಒಟ್ಟು ದೂರ 23ಕ್ಕೆ ಇಳಿಯಿತು, ಸರಾಸರಿ 1.53. ಅತಿ ಉದ್ದದ ಕೊಂಡಿ 15ರಿಂದ 3ಕ್ಕೆ ಬಂತು. ಇದು ನಮ್ಮ ಜಾಣತನ ಏನಲ್ಲ. ಕ್ರಿಯಾಪದ ಕೊನೆಗೆ ಬರುವ ಭಾಷೆಯಲ್ಲಿ ಉದ್ದದ ತುಂಡು ಮೊದಲು, ಗಿಡ್ಡದ್ದು ಆಮೇಲೆ ಬಂದರೆ ದೂರ ಕಡಿಮೆ. ಜಪಾನಿ ಮಾತಾಡುವವರು ಹೀಗೇ ಮಾಡುತ್ತಾರೆ ಅಂತ ಯಮಾಶಿತಾ ಮತ್ತು ಚಾಂಗ್ 2001ರಲ್ಲೇ ತೋರಿಸಿದರು. ಇಂಗ್ಲಿಷಿನಲ್ಲಿ ಇದು ಪೂರ್ತಿ ಉಲ್ಟಾ: ಗಿಡ್ಡದ್ದು ಮೊದಲು, ಉದ್ದದ್ದು ಆಮೇಲೆ. ನಾವು ಟೆಕ್ನಿಕಲ್ ರೈಟಿಂಗ್ ಪಾಠದಲ್ಲಿ ಕಲಿಯುವುದು ‘ಕರ್ತೃವನ್ನು ಮೊದಲು ಹೇಳಿ’ ಅಂತ. ಅಲ್ಲಿ ಕರ್ತೃವಿನ ಬೆನ್ನಿಗೇ ಕ್ರಿಯಾಪದ ಬರುವುದರಿಂದ ಅದು ಸರಿ. ಅದೇ ಸಲಹೆಯನ್ನು ಕನ್ನಡಕ್ಕೆ ತಂದರೆ ಕರ್ತೃ ಮೊದಲು ಬಂದು ಕುಳಿತು ಕ್ರಿಯಾಪದಕ್ಕಾಗಿ ವಾಕ್ಯಪೂರ್ತಿ ಕಾಯಬೇಕಾಗುತ್ತದೆ. ಇಂಗ್ಲಿಷಿನಲ್ಲಿ ಯೋಚಿಸಿ ಕನ್ನಡದಲ್ಲಿ ಬರೆಯುವ ನಮ್ಮ ತಲೆಮಾರಿಗೆ, ಇಂಗ್ಲಿಷಿನ ಕರಡು ಎದುರಿಗಿಟ್ಟು ಅನುವಾದ ಮಾಡುವ ಕಚೇರಿಗಳಿಗೆ, ಇಬ್ಬರಿಗೂ ಈ ಒಂದು ವಿಷಯ ಗೊತ್ತಿದ್ದರೆ ಅರ್ಧ ಕೆಲಸ ಆದ ಹಾಗೆ.

ಅರ್ಧ ಮಾತ್ರ ಯಾಕೆ ಅಂದರೆ, ಆ ಎರಡನೆಯ ವಾಕ್ಯವೂ ಮತ್ತಿಘಟ್ಟದ ಆ ಹಿರಿಯರಿಗೆ ಓದಿ ಹೇಳುವ ವಾಕ್ಯ ಅಲ್ಲ. ಹೀಗೆ ಬರೆದರೆ?

‘ಅರ್ಜಿದಾರರು ದಾಖಲೆಗಳನ್ನು ಸಮಿತಿಗೆ ಕೊಡಬೇಕು. ಆ ದಾಖಲೆಗಳು ಎರಡು ವಿಷಯ ತೋರಿಸಬೇಕು.
1. 2005ರ ಡಿಸೆಂಬರ್ 13ಕ್ಕೆ ಮೊದಲಿನ ಮೂರು ತಲೆಮಾರುಗಳಿಂದ ಅವರ ಮನೆತನ ಅರಣ್ಯಭೂಮಿಯಲ್ಲೇ ವಾಸವಾಗಿದೆ.
2. ಜೀವನೋಪಾಯಕ್ಕೆ ಅದನ್ನೇ ನಂಬಿದೆ.’

ಯಾವುದು ಸುಲಭ ಅಂತ ಯಾರನ್ನೂ ಕೇಳಬೇಕಾಗಿಲ್ಲ. ಏನು ಮಾಡಬೇಕು ಅನ್ನೋದು ನಾಲ್ಕನೇ ಪದಕ್ಕೇ ಗೊತ್ತಾಯಿತು. ಆದರೆ ತಮಾಷೆ ನೋಡಿ. ಇದರ ಲೆಕ್ಕ ಹಾಕಿದರೆ 18 ಕೊಂಡಿಗಳಿಗೆ ಒಟ್ಟು 29, ಸರಾಸರಿ 1.61. ಅಂದರೆ ಒಂದೇ ಉಸಿರಿನ ಆ ಎರಡನೆಯ ವಾಕ್ಯಕ್ಕಿಂತ ಇದರ ಸರಾಸರಿ ಜಾಸ್ತಿ! ಸಂಖ್ಯೆಯನ್ನೇ ನಂಬಿದರೆ ಹದಿನಾರು ಪದದ ವಾಕ್ಯವೇ ‘ಸರಳ’ ಅನ್ನಬೇಕಾಗುತ್ತದೆ. ಅಲ್ಲಿ ಅಂಟಂಟಿಕೊಂಡ ಚಿಕ್ಕ ಕೊಂಡಿಗಳು ಬಹಳ ಇರುವುದರಿಂದ ಸರಾಸರಿ ಕೆಳಗೆ ಬಂದಿದೆ, ಅಷ್ಟೇ. ಆದರೆ ಓದುವವರು ಅದರಲ್ಲಿ ಹದಿಮೂರನೆಯ ಪದದವರೆಗೆ ಯಾರು ಏನು ಮಾಡಬೇಕು ಅಂತ ಒಂದೂ ಸುಳಿವಿಲ್ಲದೆ ನಡೆಯಬೇಕು.

ಅದಕ್ಕೇ ಸರಾಸರಿಯೊಂದನ್ನೇ ನಂಬುವವರ ಪಕ್ಷಕ್ಕೆ ನಾವು ಸೇರುವುದಿಲ್ಲ. ಸರ್ಕ್ಯೂಟಿನಲ್ಲಿ ಸರಾಸರಿ ಕರೆಂಟ್ ಎಷ್ಟೇ ಇರಲಿ, ಫ್ಯೂಸ್ ಹಾರುವುದು ಪೀಕಿನಲ್ಲಿ. ಸರಾಸರಿಯ ಜೊತೆಗೆ ಅತಿ ಉದ್ದದ ಕೊಂಡಿ ಎಷ್ಟು, ಮುಖ್ಯ ಕ್ರಿಯಾಪದ ಎಷ್ಟನೆಯ ಪದಕ್ಕೆ ಬಂತು, ಈ ಎರಡನ್ನೂ ನೋಡಬೇಕು. ಕನ್ನಡಕ್ಕೆ ಮೂರನೆಯದು ಇನ್ನೂ ಮುಖ್ಯ, ಯಾಕೆಂದರೆ ನಮ್ಮಲ್ಲಿ ‘ಇಲ್ಲ’ ಕೂಡ ಅಲ್ಲೇ ಕೊನೆಯಲ್ಲಿ ಇರುತ್ತದೆ. ‘ಪರಿಗಣಿಸಲಾಗುವುದು’, ‘ಪರಿಗಣಿಸಲಾಗುವುದಿಲ್ಲ’, ಇವೆರಡರ ನಡುವಿನ ವ್ಯತ್ಯಾಸ ವಾಕ್ಯದ ಕೊನೆಯ ಎರಡು ಅಕ್ಷರ.

ಪದ ಆಚೀಚೆ ಮಾಡಿದರೂ ಸರಿಹೋಗದ ವಾಕ್ಯಗಳೂ ಇವೆ. ಮಳೆಗಾಲದಲ್ಲಿ ಅಡಿಕೆಯ ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟಿಗರಿಗೆಲ್ಲ ಗೊತ್ತು. ಶೇಕಡಾ 1ರ ದ್ರಾವಣಕ್ಕೆ 100 ಲೀಟರ್ ನೀರು, ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಅದನ್ನು ಪುಸ್ತಕದ ಕನ್ನಡದಲ್ಲಿ ಬರೆದರೆ ಹೀಗಾಗುತ್ತದೆ: ‘ಒಂದು ಕಿಲೋ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ ಕರಗಿಸಿದ ದ್ರಾವಣವನ್ನು ಒಂದು ಕಿಲೋ ಸುಣ್ಣವನ್ನು 50 ಲೀಟರ್ ನೀರಿನಲ್ಲಿ ಕದಡಿದ ದ್ರಾವಣಕ್ಕೆ ಸೇರಿಸಬೇಕು.’

‘ದ್ರಾವಣವನ್ನು’ ಇಂದ ‘ಸೇರಿಸಬೇಕು’ವರೆಗೆ ದೂರ 9. ಅದು ಕಾಯುತ್ತಿರುವಾಗಲೇ ನಡುವೆ ‘ಸುಣ್ಣವನ್ನು’ ಅಂತ ಇನ್ನೊಂದು ‘ಅನ್ನು’ ಬಂದು ನಿಲ್ಲುತ್ತದೆ. ಯಾವುದನ್ನು ಯಾವುದಕ್ಕೆ ಹಾಕಬೇಕು ಅಂತ ಗೊಂದಲ. ಎರಡು ತುಂಡೂ ಒಂದೇ ಉದ್ದ ಇರುವುದರಿಂದ ಅದಲು ಬದಲು ಮಾಡಿಯೂ ಪ್ರಯೋಜನ ಇಲ್ಲ. ಈ ಗೊಂದಲ ಬರೀ ವ್ಯಾಕರಣದ್ದೂ ಅಲ್ಲ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕೇ ಹೊರತು ಸುಣ್ಣದ್ದನ್ನು ಇದಕ್ಕಲ್ಲ. ಉಲ್ಟಾ ಮಾಡಿದರೆ ದ್ರಾವಣ ಕೆಡುತ್ತದೆ.

ತೋಟದಲ್ಲಿ ಕೆಲಸ ಕಲಿಸುವವರು ಇದನ್ನು ಹೇಗೆ ಹೇಳುತ್ತಾರೆ? ‘ಎರಡು ಪ್ಲಾಸ್ಟಿಕ್ ಡ್ರಮ್ ತಗೊಳ್ಳಿ. ಒಂದೊಂದಕ್ಕೂ 50 ಲೀಟರ್ ನೀರು ತುಂಬಿ. ಒಂದರಲ್ಲಿ ಒಂದು ಕಿಲೋ ಮೈಲುತುತ್ತ ಕರಗಿಸಿ. ಇನ್ನೊಂದರಲ್ಲಿ ಒಂದು ಕಿಲೋ ಸುಣ್ಣ ಕದಡಿ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಿರಿ.’ ಇಡೀ ಮಾತಿನಲ್ಲಿ 4ಕ್ಕಿಂತ ಉದ್ದದ ಕೊಂಡಿ ಇಲ್ಲ. ಆಮೇಲೆ ‘ಕತ್ತಿ ಅದ್ದಿ ನೋಡಿ, ಕೆಂಪಾದ್ರೆ ಇನ್ನೂ ಸುಣ್ಣ ಬೇಕು’ ಅಂತ ಟೆಸ್ಟಿಂಗ್ ಕೂಡ ಮುಗಿಯಿತು. ಕೆಲಸ ಯಾವ ಕ್ರಮದಲ್ಲಿ ಆಗಬೇಕೋ ವಾಕ್ಯಗಳೂ ಅದೇ ಕ್ರಮದಲ್ಲಿ ಬಂದಿವೆ. ‘ಹೋಗಿ, ತಂದು, ತೊಳೆದು, ಹೆಚ್ಚಿ, ಹಾಕು’ ಅಂತ ಒಂದರ ಹಿಂದೆ ಒಂದು ಪೋಣಿಸುವ ರೂಪ ಕನ್ನಡದಲ್ಲೇ ಇದೆ. ಅದರಲ್ಲಿ ಪ್ರತಿ ಕೊಂಡಿಯ ದೂರ 1. ನಮ್ಮ ಲ್ಯಾಬ್ ಮ್ಯಾನುಯಲ್ಲುಗಳು ಕನ್ನಡಕ್ಕೆ ಬರುವ ದಿನ ಈ ರೂಪವನ್ನು ಬಳಸಬೇಕು, ‘ಮಾಡಲ್ಪಟ್ಟ ದ್ರಾವಣವನ್ನು’ ಅನ್ನೋ ರೂಪವನ್ನಲ್ಲ.

ನಮ್ಮ ವಾದಕ್ಕೆ ಎದುರಾಗಿ ಮೂರು ಮಾತು ಬರಬಹುದು. ಮೊದಲನೆಯದು ಕಾನೂನಿನವರದ್ದು: ವಾಕ್ಯ ಒಡೆದರೆ ಅರ್ಥ ಸೋರಿಹೋಗುತ್ತದೆ, ಷರತ್ತುಗಳು ಬಿಡಿಬಿಡಿಯಾಗುತ್ತವೆ ಅಂತ. ನ್ಯಾಯವಾದ ಭಯವೇ. ಆದರೆ ಮೇಲಿನ ನಮ್ಮ ಉದಾಹರಣೆಯಲ್ಲಿ ‘ಎರಡು ವಿಷಯ ತೋರಿಸಬೇಕು’ ಅನ್ನೋ ಒಂದು ವಾಕ್ಯ ಎರಡೂ ಷರತ್ತನ್ನು ಕಟ್ಟಿಹಿಡಿದಿದೆ. ಉದ್ದ ವಾಕ್ಯದಲ್ಲಿ ‘ವಾಸವಾಗಿದ್ದು’ ಎಂಬುದರ ‘ಉ’ಕಾರದೊಳಗೆ ಅಡಗಿದ್ದ ‘ಮತ್ತು’ ಇಲ್ಲಿ ಬೆಳಕಿಗೆ ಬಂದಿದೆ. ಹಾಗೆ ನೋಡಿದರೆ ಒಡೆದ ಮೇಲೆಯೇ ಅರ್ಥ ಗಟ್ಟಿಯಾಯಿತು.

ಎರಡನೆಯದು ಸಂಶೋಧನೆಯಿಂದಲೇ ಬರುವ ತಕರಾರು. ದೂರ ಜಾಸ್ತಿ ಆದರೆ ಯಾವಾಗಲೂ ಕಷ್ಟ ಅನ್ನೋದು ಪೂರ್ತಿ ನಿಜ ಅಲ್ಲ. ಜರ್ಮನ್ ಮೇಲೆ ಕೋನಿಯೆಚ್ನಿ 2000ದಲ್ಲಿ, ಹಿಂದಿ ಮೇಲೆ ವಸಿಷ್ಠ ಮತ್ತು ಲೂಯಿಸ್ 2006ರಲ್ಲಿ ಮಾಡಿದ ಕೆಲಸದಲ್ಲಿ, ನಡುವೆ ಪದಗಳು ಜಾಸ್ತಿ ಇದ್ದಾಗ ಕೊನೆಯ ಕ್ರಿಯಾಪದವನ್ನು ಓದುಗರು ಇನ್ನೂ ಬೇಗ ಓದಿದ ಉದಾಹರಣೆಗಳಿವೆ. ನಡುವಿನ ಪದಗಳು ಮುಂದೆ ಏನು ಬರುತ್ತದೆ ಅಂತ ಸುಳಿವು ಕೊಡುತ್ತವೆ. ‘ಅಮ್ಮ ಪಾತ್ರೆ ಪಗಡೆ ಎಲ್ಲಾ ಬೂದಿ ಹಾಕಿ…’ ಅಂದಾಗಲೇ ನಮಗೆ ‘ತಿಕ್ಕಿದಳು’ ಗೊತ್ತಾಗಿಬಿಡುತ್ತದೆ. ಇದನ್ನು ನಾವು ಒಪ್ಪುತ್ತೇವೆ. ಆದರೆ ಊಹೆ ನೆರವಿಗೆ ಬರುವುದು ಪರಿಚಯ ಇರುವ ವಿಷಯದಲ್ಲಿ. ದಿನಾ ಆದೇಶ ಬರೆಯುವ ಗುಮಾಸ್ತರಿಗೆ ‘ಸಮಿತಿಗೆ’ ಅಂದ ತಕ್ಷಣ ‘ಸಲ್ಲಿಸತಕ್ಕದ್ದು’ ಹೊಳೆಯುತ್ತದೆ. ಜೀವಮಾನದಲ್ಲಿ ಒಂದು ಸಲ ಅರ್ಜಿ ಹಾಕುವವರಿಗೆ ಹೊಳೆಯುವುದಿಲ್ಲ. ಬರೆದವರಿಗೆ ಸುಲಭ ಅನಿಸಿದ್ದು ಓದುವವರಿಗೆ ಕಷ್ಟ ಆಗುವುದು ಇದರಿಂದಲೇ. ಅದಕ್ಕೇ ಬರೆದವರ ಅನಿಸಿಕೆ ಸಾಲದು, ಹೊರಗಿನ ಒಂದು ಅಳತೆ ಬೇಕು.

ಮೂರನೆಯದು ಸಾಹಿತ್ಯಪ್ರಿಯರದ್ದು: ಎಲ್ಲಾ ವಾಕ್ಯವನ್ನೂ ಹೀಗೆ ತುಂಡರಿಸಿದರೆ ಕನ್ನಡದ ಸೊಗಸು ಎಲ್ಲಿ ಉಳಿಯುತ್ತದೆ? ಕಾದಂಬರಿಗೂ ಕವಿತೆಗೂ ಈ ಟೇಪು ಹಿಡಿಯಿರಿ ಅಂತ ನಾವು ಹೇಳುತ್ತಿಲ್ಲ. ಅಲ್ಲಿ ಕಾಯಿಸುವುದರಲ್ಲೇ ಸುಖ ಇರಬಹುದು. ಅರ್ಜಿ, ನೋಟಿಸು, ಔಷಧಿ ಚೀಟಿ, ಪಠ್ಯಪುಸ್ತಕ, ಪರೀಕ್ಷೆಯ ಪ್ರಶ್ನೆ ಇವುಗಳಲ್ಲಿ ಕಾಯಿಸುವ ಹಕ್ಕು ಬರೆಯುವವರಿಗಿಲ್ಲ.

ಹಾಗಾದರೆ ಕ್ಯಾಂಪಸ್ಸಿನಲ್ಲಿ ಕೂತ ನಾವು ಏನು ಮಾಡಬಹುದು? ದೂರ ಲೆಕ್ಕ ಹಾಕುವ ಪ್ರೋಗ್ರಾಂ ಪೈಥಾನಿನಲ್ಲಿ ಎರಡು ಸಾಲು. ಯಾವ ಪದ ಯಾವುದಕ್ಕೆ ಸೇರಿದ್ದು ಅಂತ ಗುರುತಿಸುವುದೇ ನಿಜವಾದ ಕೆಲಸ, ಅದಕ್ಕೆ ಕನ್ನಡ ಬಲ್ಲವರು ಕೂತು ಕೈಯಾರೆ ಗುರುತು ಹಾಕಿದ ವಾಕ್ಯಗಳು ಬೇಕು. ಮಿನಿ ಪ್ರಾಜೆಕ್ಟಿಗೆ ಮತ್ತೊಂದು ಅಟೆಂಡೆನ್ಸ್ ಆ್ಯಪ್ ಮಾಡುವ ಬದಲು ಕಂಪ್ಯೂಟರ್ ಸೈನ್ಸಿನ ಒಂದು ತಂಡ ಇದನ್ನು ಹಿಡಿಯಬಹುದು. ವಿಟಿಯು ಪಠ್ಯದಲ್ಲಿ ಕನ್ನಡ ಬಲ್ಲವರಿಗೆ ‘ಸಾಂಸ್ಕೃತಿಕ ಕನ್ನಡ’, ಕಲಿಯುವವರಿಗೆ ‘ಬಳಕೆ ಕನ್ನಡ’ ಇದೆ. ಪರೀಕ್ಷೆ ಮುಗಿದ ಮೇಲೆ ಯಾರೂ ಅದರ ಕಡೆ ತಿರುಗಿ ನೋಡುವುದಿಲ್ಲ. ಅದರಲ್ಲಿ ಒಂದು ಅಸೈನ್‌ಮೆಂಟ್, ಊರಿನ ಒಂದು ನೋಟಿಸನ್ನು ಅರ್ಥ ಕೆಡದ ಹಾಗೆ ಮತ್ತೆ ಬರೆದು ಮೊದಲಿನ ಮತ್ತು ಆಮೇಲಿನ ಅಳತೆ ಕೊಡಿ ಅಂತ ಇದ್ದರೆ, ಕನ್ನಡ ಬಲ್ಲವರಿಗೂ ಅದು ಸುಮ್ಮನೆ ಸಿಗುವ ಕ್ರೆಡಿಟ್ ಆಗಿ ಉಳಿಯುವುದಿಲ್ಲ.

ನಮ್ಮ ಕನ್ನಡ ಸಂಘ ಇವತ್ತೇ ಮಾಡಬಹುದಾದದ್ದು ಇನ್ನೂ ಚಿಕ್ಕದು. ಈ ಪತ್ರಿಕೆಗೆ ಬರುವ ಪ್ರತಿ ಲೇಖನದಲ್ಲಿ, ಸಂಘದಿಂದ ಹೊರಡುವ ಪ್ರತಿ ರಾಜ್ಯೋತ್ಸವದ ಪ್ರಕಟಣೆಯಲ್ಲಿ, ಅತಿ ಉದ್ದದ ಕೊಂಡಿಯನ್ನು ಒಬ್ಬರು ಬೆರಳಿಟ್ಟು ಎಣಿಸಬೇಕು. ಎಂಟು ದಾಟಿದರೆ ಬರೆದವರಿಗೆ ವಾಪಸ್. ಎಂಟೇ ಯಾಕೆ ಅಂದರೆ ಅದಕ್ಕೆ ಶಾಸ್ತ್ರ ಇಲ್ಲ, ಎಲ್ಲಿಂದಾದರೂ ಶುರು ಮಾಡಬೇಕಲ್ಲ. ಉದ್ದದ ತುಂಡು ಮೊದಲು, ಕರ್ತೃ ಕ್ರಿಯಾಪದದ ಹತ್ತಿರ, ಆಗಲೂ ಆಗದಿದ್ದರೆ ವಾಕ್ಯ ಒಡೆಯುವುದು: ಇಷ್ಟೇ ನಿಯಮ. ಈ ಲೇಖನಕ್ಕೂ ಅದು ಅನ್ವಯಿಸುತ್ತದೆ. ಎಣಿಸಿ ನೋಡಿ, ಎಂಟು ದಾಟಿದ ವಾಕ್ಯ ಸಿಕ್ಕರೆ ಸಂಪಾದಕರಿಗೆ ಕಳಿಸಿ. ಸಿಗುತ್ತವೆ, ಅನುಮಾನ ಬೇಡ.

ಇನ್ನು ರಜೆಗೆ ಊರಿಗೆ ಹೋಗುವವರಿಗೆ ಒಂದು ಮಾತು. ಮನೆಯವರು ಕಾಗದ ಕೈಗೆ ಕೊಟ್ಟು ‘ಏನಂತೆ ನೋಡು’ ಅಂದರೆ ಬಾಯಲ್ಲಿ ಹೇಳಿ ಎದ್ದು ಹೋಗಬೇಡಿ. ಅದರ ಹಿಂಬದಿಯಲ್ಲೇ ಯಾರು, ಏನು, ಯಾರಿಗೆ, ಎಷ್ಟು ದಿನದೊಳಗೆ ಅಂತ ನಾಲ್ಕು ಗಿಡ್ಡ ವಾಕ್ಯದಲ್ಲಿ ಬರೆದುಕೊಡಿ. ನೀವು ಹಾಸ್ಟೆಲಿಗೆ ವಾಪಸ್ ಬಂದ ಮೇಲೂ ಅವರು ಅದನ್ನು ತಾವೇ ಓದಿಕೊಳ್ಳಬಹುದು.